ಬೇಳೆ ಕಲಿಸಿದ ಲೆಕ್ಕ

ಮಾನ್ಯರೇ,

ಬಡವರ ಮಕ್ಕಳಿಗೆ ಲಸಿಕೆ ತಪ್ಪಿದರೆ ‘ಜನಕ್ಕೆ ತಿಳಿವಳಿಕೆ ಇಲ್ಲ’ ಎಂದು ಕೈತೊಳೆದುಕೊಳ್ಳುವ ಅಭ್ಯಾಸ ನಿಲ್ಲಬೇಕು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ ನೋಡಿ. ಹೊಸದೇನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ 6 ಮಾತ್ರ. ಪ್ರತಿ ತಿಂಗಳು ತಪ್ಪದೆ ಶಿಬಿರ ನಡೆಸಿದ ಕಡೆ ಶೇ 18. ಶಿಬಿರಕ್ಕೆ ಬಂದಾಗಲೆಲ್ಲ ಒಂದು ಕೆ.ಜಿ. ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆ ಕೊಟ್ಟ ಕಡೆ ಶೇ 39!

ಬೇಳೆ ಹಂಚಿದರೆ ಖರ್ಚು ಜಾಸ್ತಿ ಅನಿಸುತ್ತದೆ, ಅಲ್ವಾ? ಹೆಚ್ಚು ಮಕ್ಕಳು ಬಂದಿದ್ದರಿಂದ ತಲಾ ಖರ್ಚು ಇಳಿದೇ ಹೋಯಿತು. ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಹೊತ್ತು ಬಂದ ತಾಯಿ ನರ್ಸ್ ಇಲ್ಲದೆ ಬೀಗ ನೋಡಿ ವಾಪಸ್ ಹೋದರೆ, ಮತ್ತೊಮ್ಮೆ ಯಾಕೆ ಬರುತ್ತಾಳೆ? ಇದಕ್ಕೆ ಅಜ್ಞಾನ ಎನ್ನುವುದು ಸುಮ್ನೆ ನೆಪ.

ನಮ್ಮ ಸರ್ಕಾರವೂ ಹೊಸ ಯೋಜನೆಯನ್ನು ಒಮ್ಮೆಲೇ ಎಲ್ಲೆಡೆ ಹೇರುವ ಬದಲು ಮೊದಲು ನಾಲ್ಕೈದು ತಾಲ್ಲೂಕುಗಳಲ್ಲಿ ಹೀಗೆ ಹೋಲಿಸಿ ನೋಡಲಿ. ಬಂದ ಫಲಿತಾಂಶವನ್ನು, ಸೋತಿದ್ದರೂ ಸರಿ, ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.

– ಒಬ್ಬ ಓದುಗ, ಹಾಸನ