ಮಂಚದ ಪಕ್ಕದ ತೊಟ್ಟಿಲು ಬೇಕಾದವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ನಾವಿಬ್ಬರು ತೊಟ್ಟಿಲು ತರಲು ಶಿರಸಿಯಿಂದ ಹುಬ್ಬಳ್ಳಿಗೆ ಹೋಗುತ್ತಿದ್ದೇವೆ. ಅಮ್ಮನ ಮಂಚಕ್ಕೆ ಜೋಡಿಸುವ ತೊಟ್ಟಿಲು ಬೇಕಾದ ಗರ್ಭಿಣಿಯರು, ಬಾಣಂತಿಯರು ಶುಕ್ರವಾರ ಸಂಜೆ 6 ಗಂಟೆಯೊಳಗೆ ಹೆಸರು ಮತ್ತು ನೆಲದಿಂದ ಹಾಸಿಗೆಯ ಮೇಲ್ಭಾಗದವರೆಗಿನ ಎತ್ತರವನ್ನು ತಿಳಿಸಿ.

ದಯವಿಟ್ಟು ಅಳತೆಯನ್ನು ಅಂದಾಜಿನಲ್ಲಿ ಹೇಳಬೇಡಿ. ತೊಟ್ಟಿಲಿಗೂ ಮಂಚಕ್ಕೂ ನಡುವೆ ಸಂದು ಉಳಿದರೆ ಮಗು ಅದರಲ್ಲಿ ಸಿಲುಕಿ ಉಸಿರುಗಟ್ಟಬಹುದು. ಪಟ್ಟಿಯಿಂದ ಬಿಗಿದ ಮೇಲೆ ಪ್ರತಿ ರಾತ್ರಿ ಕೈಯಿಂದ ಎಳೆದು ನೋಡಬೇಕು. ಸಂದಿನಲ್ಲಿ ಸೀರೆ, ಟವೆಲ್ ತುರುಕುವುದು ಬೇಡವೇ ಬೇಡ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ತೊಟ್ಟಿಲಿನ ಜೊತೆಗೆ ಬಂದದ್ದೇ ಆಗಿರಲಿ. ಓರೆಯಾಗಿ ಮಲಗಿಸುವ ಮಾದರಿಯನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ನಾವು ತರುವುದಿಲ್ಲ. ಅದರಲ್ಲಿ ಮಗುವಿನ ತಲೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚಬಹುದು. 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಇಂಥವುಗಳನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿತು.

ಸಾಸಿವೆ ದಿಂಬಿನ ಬಗ್ಗೆ ಅಜ್ಜಿಯಂದಿರಿಗೆ ಬೇಸರವಾಗಬಹುದು. ಅವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ, ಆದರೂ ತೊಟ್ಟಿಲಿನೊಳಗೆ ದಿಂಬು, ಕಂಬಳಿ, ಗೊಂಬೆ ಯಾವುದೂ ಇರಬಾರದು. ಮಗುವನ್ನು ಅಂಗಾತವೇ ಮಲಗಿಸಿ. ಮಳೆಗಾಲದ ಚಳಿಗೆ ಒಂದು ಪದರ ಹೆಚ್ಚು ಬಟ್ಟೆ ಸಾಕು. ನಮ್ಮ ಮಳೆಯಲ್ಲಿ ಹಾಸಿಗೆಯ ಅಡಿಯಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ, ಆಗಾಗ ಎತ್ತಿ ನೋಡುತ್ತಿರಿ.

ಮಗು ಮಗುಚಿಕೊಳ್ಳಲು ಅಥವಾ ಕೈಯೂರಿ ಏಳಲು ಆರಂಭಿಸಿದ ದಿನವೇ ಇದರ ಬಳಕೆ ನಿಲ್ಲಬೇಕು. ಹಾಗೆ ಬಳಸಿ ಮುಗಿಸಿದವರು ಕೊಡಲು ಸಿದ್ಧರಿದ್ದರೆ, ಮೂಲ ಹಾಸಿಗೆ ಮತ್ತು ಪಟ್ಟಿಗಳೆಲ್ಲ ಇರುವ ತೊಟ್ಟಿಲಿನ ಚಿತ್ರವನ್ನು ಮಾತ್ರ ಇಲ್ಲಿ ಹಾಕಿ.