ಮೊದಲ ಪೆಟ್ಟು ಯಾರದೆಂದು ಕೇಳದ ಕಾನೂನು

ಮಾನ್ಯ ಸಂಪಾದಕರೇ,

ಮಕ್ಕಳ ವಿಡಿಯೊ ಗೇಮ್ ಹುಚ್ಚಿನ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಆ ಆಟಗಳನ್ನು ‘ಕಾನೂನು ಕಟ್ಟಳೆ ಇಲ್ಲದ ಲೋಕ’ ಎಂದು ಕರೆಯಲಾಗಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ ಎಂಬುದೆಲ್ಲ ನಿಜವಿರಬಹುದು. ಅದನ್ನು ಬಲ್ಲವರು ಬರೆಯಲಿ. ಕಾನೂನಿನ ವಿಷಯ ಬಂದಾಗ ಮಾತ್ರ, ಸೇವೆಯ ಬಹುಭಾಗವನ್ನು ಠಾಣೆಯ ಬರಹಗಾರನಾಗಿ ಕಳೆದ ನನಗೆ ಸುಮ್ಮನಿರಲು ಆಗುವುದಿಲ್ಲ. ಈ ಆಟಗಳಲ್ಲಿ ಕಾನೂನು ಇದೆ, ಪೊಲೀಸರಿದ್ದಾರೆ, ದಂಡವಿದೆ, ತಲೆಗೆ ಬಹುಮಾನ ಘೋಷಿಸುವ ಪದ್ಧತಿಯೂ ಇದೆ. ಪೆಟ್ಟು ತಿಂದವನು ತಿರುಗಿ ಹೊಡೆಯುವ ಹಕ್ಕಿನ ಹತ್ತಿರ ಬಂದಾಗ ಆ ಕಾನೂನು ಮುಗ್ಗರಿಸುತ್ತದೆ. ನನ್ನ ತಕರಾರು ಅಷ್ಟೇ.

ನನ್ನ ಮೊಮ್ಮಗ ಆಡುವುದು ಬಾಹ್ಯಾಕಾಶದ ಆಟ. ಅದರ ಹೆಸರು ಇಲ್ಲಿ ಬೇಡ. ಒಂದು ಹಡಗು, ಅದರ ಹೊಟ್ಟೆಯಲ್ಲಿ ಸರಕು. ಒಂದು ನಿಲ್ದಾಣದಲ್ಲಿ ಕೊಂಡು ಇನ್ನೊಂದರಲ್ಲಿ ಮಾರಿ ಗಳಿಸಬೇಕು. ದಾರಿಯಲ್ಲಿ ಜಗತ್ತಿನ ಯಾವ ಮೂಲೆಯ ಆಟಗಾರನಾದರೂ ಎದುರಾಗಬಹುದು. ಈಚೆಗೆ ಒಬ್ಬ ಎದುರಾದ. ಮಾತಿಲ್ಲ, ಕತೆಯಿಲ್ಲ, ಗುಂಡಿನ ಮಳೆ. ಹಡಗಿನ ಸುತ್ತ ಇದ್ದ ನೀಲಿ ಕವಚ ಕ್ಷಣಕ್ಷಣಕ್ಕೂ ತೆಳ್ಳಗಾಗುತ್ತ ಹೋಯಿತು. ಹುಡುಗ ಹಡಗನ್ನು ತಿರುಗಿಸಿ ತಾನೂ ಹಾರಿಸಿದ. ತಕ್ಷಣ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಹಲ್ಲೆಯ ಅಪರಾಧ, ಬಹುಮಾನ ಇಂತಿಷ್ಟು. ಬಹುಮಾನ ಘೋಷಣೆಯಾದದ್ದು ಇವನ ತಲೆಗೆ! ಆಮೇಲೆ ಬಂದಿಳಿದ ಪೊಲೀಸ್ ಹಡಗುಗಳೂ ಹಿಂದೆ ಬಿದ್ದದ್ದು ಇವನನ್ನೇ. “ಮುತ್ಯಾ, ಮೊದಲು ಹೊಡೆದವನು ಅವನು. ಆರೋಪಿ ನಾನು ಹೇಗಾದೆ?” ಎಂದು ಕೇಳಿದ. ಇದೇ ಪ್ರಶ್ನೆಯನ್ನು ಠಾಣೆಯ ಮೇಜಿನ ಆಚೆ ನಿಂತವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ.

ವಿಚಾರಣೆ ಮಾಡಿದಾಗ ಕಾರಣ ಸಿಕ್ಕಿತು. ‘ನನ್ನ ಮೇಲಾಗುವ ಅಪರಾಧವನ್ನು ದಾಖಲಿಸು’ ಎಂಬ ಒಂದು ಗುಂಡಿ ಆಟದಲ್ಲಿದೆ. ಗೆಳೆಯರೊಂದಿಗೆ ಕಾದಾಟದ ಅಭ್ಯಾಸ ಮಾಡುವಾಗ ಒಬ್ಬರ ಮೇಲೊಬ್ಬರಿಗೆ ಕೇಸು ಬೀಳದಿರಲೆಂದು ಹುಡುಗರು ಅದನ್ನು ಆಫ್ ಮಾಡಿಡುತ್ತಾರೆ. ಇವನ ಗುಂಡಿ ಆರಿತ್ತು, ಎದುರಾಳಿಯ ಗುಂಡಿ ಉರಿಯುತ್ತಿತ್ತು. ಇವನು ತಿಂದ ಪೆಟ್ಟುಗಳಿಗೆ ದೂರೇ ಇಲ್ಲ, ಆದ್ದರಿಂದ ಅಪರಾಧವೂ ಇಲ್ಲ, ಆದ್ದರಿಂದ ಎದುರಾಳಿ ಶುದ್ಧಹಸ್ತ. ಶುದ್ಧಹಸ್ತನ ಮೇಲೆ ಗುಂಡು ಹಾರಿಸಿದ ಇವನು ಆರೋಪಿ. ತರ್ಕ ಎಲ್ಲಿಯೂ ತಪ್ಪಿಲ್ಲ, ನ್ಯಾಯ ಮಾತ್ರ ತಪ್ಪಿದೆ.

ಒಪ್ಪಿಗೆಯ ಕಾದಾಟಕ್ಕೆ ನನ್ನ ಆಕ್ಷೇಪವಿಲ್ಲ. 1860ರ ದಂಡ ಸಂಹಿತೆಯ 87ನೇ ಕಲಮಿನಲ್ಲೇ ಇಬ್ಬರು ಒಪ್ಪಿ ಮೋಜಿಗಾಗಿ ಕತ್ತಿವರಸೆ ಆಡುವ ಉದಾಹರಣೆ ಇತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ. ನಿಯಮ ಮೀರದೆ ಆಡುವಾಗ ಆದ ಗಾಯ ಅಪರಾಧವಲ್ಲ. ನಮ್ಮ ಜಮಖಂಡಿ, ಮುಧೋಳದ ಕಡೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಣಕ್ಕಿಳಿದ ಪೈಲವಾನ ಒಪ್ಪಿಗೆ ಕೊಟ್ಟಿರುವುದು ಎದುರಿನ ಪೈಲವಾನನಿಗೆ. ಅವನು ಲಂಗೋಟಿ ಕಟ್ಟಿದ್ದಾನೆಂದು ಸುತ್ತ ಕುಳಿತ ಪ್ರೇಕ್ಷಕರೆಲ್ಲ ಇಳಿದು ಬಂದು ಗುದ್ದಬಹುದೇ? ಈ ಗುಂಡಿ ಮಾಡುವುದು ಅದನ್ನೇ. ಒಮ್ಮೆ ಆಫ್ ಮಾಡಿದರೆ ಗೆಳೆಯನಿಗೂ ಕೊಟ್ಟ ಒಪ್ಪಿಗೆ, ದಾರಿಹೋಕನಿಗೂ ಕೊಟ್ಟ ಒಪ್ಪಿಗೆ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಆತ್ಮರಕ್ಷಣೆಯ ಹಕ್ಕು ದೂರಿನಿಂದ ಹುಟ್ಟುವುದಿಲ್ಲ. ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು ಓದಿ ನೋಡಿ, ಫಿರ್ಯಾದಿ ಕೊಟ್ಟವನಿಗೆ ಮಾತ್ರ ಈ ಹಕ್ಕು ಎಂದು ಎಲ್ಲಿಯೂ ಇಲ್ಲ. 40ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಅಪರಾಧ ಇನ್ನೂ ನಡೆಯದಿದ್ದರೂ, ಅದರ ಯತ್ನದಿಂದ ಅಥವಾ ಬೆದರಿಕೆಯಿಂದ ದೇಹಕ್ಕೆ ಅಪಾಯವಿದೆಯೆಂಬ ಸಕಾರಣ ಭಯ ಹುಟ್ಟಿದ ಕ್ಷಣದಿಂದಲೇ ಹಕ್ಕು ಆರಂಭ. ಕೊಡಲಿ ಎತ್ತಿದವನ ಮುಂದೆ, ಕೊಡಲಿ ಬೀಳಲಿ, ಆಮೇಲೆ ನೋಡೋಣ ಎಂದು ನಿಲ್ಲಬೇಕಾಗಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎಂಬ ಕಡಿವಾಣ 37ನೇ ಕಲಮಿನಲ್ಲಿದೆ, ಇರಲೂ ಬೇಕು.

ಠಾಣೆಯಲ್ಲಿ ನಾವು ಈ ಕಲಮುಗಳನ್ನು ಸರಿಯಾಗಿ ಪಾಲಿಸುವುದೇ ಕಷ್ಟವಿತ್ತು, ಅದಕ್ಕೆ ಕಾರಣವೂ ಇತ್ತು. ಕಬ್ಬಿನ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಬಡಿದಾಡಿಕೊಂಡರೆನ್ನಿ. ಹೊಡೆದವನೇ ಮೊದಲು ಬರುತ್ತಾನೆ. ಬರುವ ದಾರಿಯಲ್ಲೇ ಸರಕಾರಿ ಆಸ್ಪತ್ರೆ ಹೊಕ್ಕು ತಲೆಗೆ ಪಟ್ಟಿ ಸುತ್ತಿಸಿಕೊಂಡು, ಗಾಯದ ಚೀಟಿಯನ್ನು ಅಂಗಿಯ ಜೇಬಿನಲ್ಲಿ ಮೂರು ಮಡಿಕೆ ಮಾಡಿ ಇಟ್ಟಿರುತ್ತಾನೆ. ನಿಜವಾಗಿ ಕೈ ಮುರಿದುಕೊಂಡವನು ಗಾಡಿ ಹುಡುಕಿ ಬರುವಷ್ಟರಲ್ಲಿ ಇವನ ಎಫ್‌ಐಆರ್ ಆಗಿರುತ್ತದೆ. ಅವನದು ಪ್ರತಿದೂರು. ಎರಡು ಅಪರಾಧ ಸಂಖ್ಯೆ, ಒಂದೇ ಜಗಳ. ಇಂಥ ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ಒಂದರ ಬೆನ್ನಿಗೆ ಒಂದರಂತೆ ಕೇಳಬೇಕೆಂದು ಸುಪ್ರೀಂ ಕೋರ್ಟು ಹೇಳಿರುವುದು ಸುಮ್ಮನೆ ಅಲ್ಲ. ನಮಗೆ ನೋಡಿದವರು ಸಿಗುತ್ತಿರಲಿಲ್ಲ. ಸಿಕ್ಕ ಪಂಚರು ಕಟಕಟೆಯಲ್ಲಿ ತಿರುಗಿ ಬೀಳುತ್ತಿದ್ದರು. ಆಟದ ಯಂತ್ರಕ್ಕೆ ಈ ಯಾವ ಕಷ್ಟವೂ ಇಲ್ಲ. ಯಾರು ಯಾವ ಕ್ಷಣದಲ್ಲಿ ಹಾರಿಸಿದರು, ಎಲ್ಲಿ ತಗುಲಿತು, ಕವಚ ಎಷ್ಟು ಸವೆಯಿತು ಎಂಬುದೆಲ್ಲ ಅದರ ಲೆಕ್ಕದಲ್ಲೇ ನಡೆಯುವುದು. ಸಕಲವನ್ನೂ ಕಂಡ ಸಾಕ್ಷಿಯೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತು ತಾನು ಕಂಡದ್ದನ್ನು ಮರೆತು ತೀರ್ಪು ಕೊಟ್ಟರೆ ಏನೆನ್ನಬೇಕು?

ಬೇರೆ ಆಟಗಳಲ್ಲೂ ಇಂಥ ಸಂದುಗಳಿವೆ. 2014ರಲ್ಲಿ ಬಂದ ಬ್ರಿಟನ್ನಿನ ‘ಎಲೀಟ್ ಡೇಂಜರಸ್’ ಆಟದಲ್ಲಿ ನಿಲ್ದಾಣದ ಬಳಿ ಸೆಕೆಂಡಿಗೆ 100 ಮೀಟರ್ ವೇಗದ ಮಿತಿ. ಮಿತಿ ಮೀರಿದವನು ಡಿಕ್ಕಿ ಹೊಡೆದು ಎದುರಿನವನು ಸತ್ತರೆ ತಪ್ಪು ವೇಗದವನದು. ನಿಯಮವೇನೋ ಚೆನ್ನಾಗಿದೆ. ಕಿಡಿಗೇಡಿಗಳು ಅದನ್ನೇ ಆಯುಧ ಮಾಡಿಕೊಂಡರು. ಅಗ್ಗದ ಪುಟ್ಟ ಹಡಗನ್ನು ಬೇಕೆಂದೇ ಅರೆಜೀವ ಮಾಡಿಕೊಂಡು ಬಂದು, ಅವಸರದಲ್ಲಿ ಹೊರಟ ದೊಡ್ಡ ಹಡಗಿಗೆ ಅಡ್ಡ ಬಿದ್ದು ಸಾಯುವುದು. ಕೊಲೆ ಮಾಡಿದೆಯೆಂದು ನಿಲ್ದಾಣದ ತೋಪುಗಳು ದೊಡ್ಡ ಹಡಗನ್ನು ಪುಡಿ ಮಾಡುವುದು. ವೇಗಕ್ಕೆ ದಂಡ ಹಾಕಲಿ, ಬೇಡವೆನ್ನುವುದಿಲ್ಲ. ನಮ್ಮಲ್ಲಿ ನಿರ್ಲಕ್ಷ್ಯದ ಸಾವಿಗೆ 106ನೇ ಕಲಂ, ಕೊಲೆಗೆ 103. ಎರಡರ ನಡುವೆ ಅಜಗಜಾಂತರವಿದೆ.

ಹಾಗೆಂದು ಆತ್ಮರಕ್ಷಣೆಯನ್ನು ಕಣ್ಣು ಮುಚ್ಚಿ ಹಂಚಿದರೂ ಕೆಲಸ ಕೆಡುತ್ತದೆ. ಐಸ್‌ಲ್ಯಾಂಡಿನ ಕಂಪನಿಯೊಂದು 2003ರಲ್ಲಿ ತಂದ ‘ಈವ್ ಆನ್‌ಲೈನ್’ ಆಟದಲ್ಲಿ ಇನ್ನೊಬ್ಬರ ಸರಕು ಕದ್ದವನು 15 ನಿಮಿಷ ‘ಶಂಕಿತ’. ಆ ಅವಧಿಯಲ್ಲಿ ಯಾರು ಬೇಕಾದರೂ ಅವನನ್ನು ಹೊಡೆಯಬಹುದು. ಆದರೆ ಹೊಡೆದವನನ್ನು ತಿರುಗಿ ಹೊಡೆಯುವ ಹಕ್ಕು ಕಳ್ಳನಿಗೂ ಸಿಗುತ್ತದೆ! ಹೀಗಾಗಿ ಜಗಳಕ್ಕೆ ಹಾತೊರೆಯುವವರು ಮೂರು ಕಾಸಿನ ವಸ್ತು ಕದ್ದು, ಹೊಸ ಆಟಗಾರರನ್ನು ರೇಗಿಸಿ, ಅವರು ಮೊದಲ ಗುಂಡು ಹಾರಿಸಿದ ಕೂಡಲೇ ಕಾನೂನುಬದ್ಧವಾಗಿಯೇ ಮುಗಿಸುತ್ತಾರೆ. ನಮ್ಮ ನ್ಯಾಯಾಲಯಗಳು ಇದನ್ನು ಎಂದೋ ಇತ್ಯರ್ಥ ಮಾಡಿವೆ: ಆತ್ಮರಕ್ಷಣೆಗಾಗಿ ಹೊಡೆದವನ ವಿರುದ್ಧ ಆತ್ಮರಕ್ಷಣೆಯ ಹಕ್ಕಿಲ್ಲ, ಜಗಳ ತೆಗೆದವನು ಆ ಹಕ್ಕನ್ನು ಕೇಳುವಂತಿಲ್ಲ. ಅದೇ ಆಟದ ‘ಕಾಂಕಾರ್ಡ್’ ಪೊಲೀಸ್ ಪಡೆಯ ಬಗ್ಗೆ ಆಟಗಾರರಲ್ಲಿ ಒಂದು ಮಾತಿದೆಯಂತೆ, ಅದು ಶಿಕ್ಷೆ ಕೊಡುತ್ತದೆ, ಕಾಪಾಡುವುದಿಲ್ಲ ಎಂದು. ಖಾಕಿ ತೊಟ್ಟವನಾಗಿ ಆ ಮಾತಿಗೆ ನಗಲೋ ಬೇಡವೋ ತಿಳಿಯಲಿಲ್ಲ.

ಆಟದಲ್ಲಿ ಹೋದ ಹಡಗಿಗೆ ಇಷ್ಟೆಲ್ಲ ಏಕೆ ಎಂದು ಪಕ್ಕದ ಮನೆಯ ವಕೀಲರು ನಕ್ಕರು. ಹಡಗಿನ ಚಿಂತೆ ನನಗಿಲ್ಲ. ದೂರು, ಆರೋಪಿ, ಬಹುಮಾನ, ದಂಡ ಎಂಬ ಮಾತುಗಳನ್ನು ಈ ಹುಡುಗರು ಮೊದಲು ಅನುಭವಿಸುವುದು ಅಲ್ಲಿ. ಹೊಡೆಸಿಕೊಂಡವನು ಸುಮ್ಮನಿರುವುದೇ ಲೇಸು ಎಂದು ಹದಿನಾಲ್ಕರ ವಯಸ್ಸಿಗೇ ನನ್ನ ಮೊಮ್ಮಗ ತೀರ್ಮಾನಿಸಿದರೆ ಅದು ನನಗೆ ಒಪ್ಪಿಗೆಯಾಗದು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಒಳ್ಳೆಯದಾಯಿತು. ಆಟದೊಳಗಿನ ನ್ಯಾಯವನ್ನು ಸರಿಪಡಿಸಲು ಸರಕಾರ ಬರಬೇಕಾಗಿಲ್ಲ, ಆಟ ಕಟ್ಟುವವರು ಮನಸ್ಸು ಮಾಡಿದರೆ ಸಾಕು. ಒಪ್ಪಿಗೆಯ ಗುಂಡಿ ಹೆಸರು ಹಿಡಿದು ಒಬ್ಬೊಬ್ಬನಿಗೆ ಬೇರೆಯಾಗಿ ಇರಲಿ. ದೂರು ದಾಖಲಾಗಲಿ ಬಿಡಲಿ, ಮೊದಲು ಗುಂಡು ತಗುಲಿಸಿದವನ ಮೇಲೆ ತಿರುಗಿ ಹಾರಿಸುವುದು ಆ ಕಾದಾಟ ಮುಗಿಯುವವರೆಗೆ ಅಪರಾಧವಾಗದಿರಲಿ. ಆರೋಪ ಹೊರಿಸಿದಾಗ ಅದು ಯಾವ ಹೊಡೆತಕ್ಕೆ, ಯಾವ ಕ್ಷಣದ್ದಕ್ಕೆ ಎಂಬ ವಿವರ ಪರದೆಯ ಮೇಲೆ ಬರಲಿ. ಆರೋಪಿಗೆ ಬಂಧನದ ಕಾರಣ ತಿಳಿಸಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ.

ಈ ಪತ್ರವನ್ನು ಆಟದ ಕಂಪನಿಗೂ ಕಳುಹಿಸುವವನಿದ್ದೇನೆ. ಇಂಗ್ಲಿಷಿಗೆ ಮೊಮ್ಮಗ ಮಾಡಿಕೊಡುತ್ತಾನೆ. ಘಟನೆಯ ದಿನಾಂಕ, ಸಮಯ, ಎದುರಾಳಿಯ ಹಡಗಿನ ಹೆಸರು ಎಲ್ಲವನ್ನೂ ಕ್ರಮವಾಗಿ ನಾನೇ ಬರೆದಿಟ್ಟಿದ್ದೇನೆ. ತಾವು ಮುಂದಿನ ಸಲ ಈ ಆಟಗಳ ಬಗ್ಗೆ ಬರೆಸುವಾಗ, ಒಂದು ಸಂಜೆ ಕೂತು ಆಡಿ ನೋಡಿದ ವರದಿಗಾರರಿಂದ ಬರೆಸಿ.

ತಮ್ಮ ವಿಶ್ವಾಸಿ,
ನಿವೃತ್ತ ಹೆಡ್ ಕಾನ್‌ಸ್ಟೆಬಲ್, ನವನಗರ, ಬಾಗಲಕೋಟೆ