ಏನೋ ಅಂದಳು

ಪ್ರೀತಿಯ ತಂಗಿಗೆ,

ನಿನ್ನ ಕಥೆ ಎರಡು ಸಲ ಓದಿದೆ. ‘ಇನ್ನು ಬರೆಯೋದೇ ಇಲ್ಲ’ ಅಂತ ಚೀಟಿ ಬೇರೆ ಇಟ್ಟಿದ್ದೀಯ. ಅದಕ್ಕೆ ನಾನು ಉತ್ತರ ಕೊಡಲ್ಲ. ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಅದನ್ನೆಲ್ಲ ಬೇರೆ ಯಾರನ್ನಾದರೂ ಕೇಳಿಕೊ.

ನನ್ನ ತಕರಾರು ಒಂದೇ ಪದದ್ದು. ಹತ್ತು ಪುಟದಲ್ಲಿ ಆರು ಸಲ ‘ಝೆನೊಫೋಬಿಯಾ’! ಗ್ರೀಕಿನಲ್ಲಿ ಕ್ಸೆನೋಸ್ ಅಂದರೆ ಹೊರಗಿನವನೂ ಹೌದು, ಮನೆಗೆ ಬಂದ ಅತಿಥಿಯೂ ಹೌದು. ಫೋಬೋಸ್ ಅಂದರೆ ಭಯ. ಸಂಪಾದಕೀಯಕ್ಕೆ ಇರಲಿ ಬಿಡು. ನೀನು ಬರೆದಿರೋದು 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ನಡೆದದ್ದು. ಕಾರು ಹಾಯಿಸಿ ಹೆಂಗಸೊಬ್ಬಳ ಜೀವ ತೆಗೆದವನು ಸುಡಾನಿನವನು. ಆಮೇಲೆ ಅದೇ ದಾರಿಯಲ್ಲಿ ಬಂದು ಗುಂಪಿನ ಕೈಗೆ ಸಿಕ್ಕಿದವಳು ತಾಂಜಾನಿಯಾದ ವಿದ್ಯಾರ್ಥಿನಿ. ಅವಳ ಕಾರಿಗೆ ಬೆಂಕಿ ಇಟ್ಟವರ ಮುಖದಲ್ಲಿ ಭಯ ಇತ್ತೇನಮ್ಮ?

ನಮ್ಮದೇ ಪದ ಇದೆಯಲ್ಲ, ಪರದೇಶಿ. ಬೇರೆ ದೇಶದವನು ಅನ್ನೋ ಅರ್ಥ ಸವೆದು ದಿಕ್ಕಿಲ್ಲದವನು ಅಂತಾಗಿ, ಕೊನೆಗೆ ಬೈಗುಳವಾಯಿತು. ಇವನನ್ನು ಬಡಿದರೆ ಕೇಳೋರಿಲ್ಲ ಅನ್ನೋ ಧೈರ್ಯ ಅದರೊಳಗೇ ಇದೆ. ಮ್ಲೇಚ್ಛ ಅಂದರೂ ಮೂಲದಲ್ಲಿ ಮಾತು ಸ್ಪಷ್ಟವಿಲ್ಲದವನೇ. ದಕ್ಷಿಣ ಆಫ್ರಿಕಾದಲ್ಲಿ ಆಚೆ ದೇಶಗಳಿಂದ ದುಡಿಯಲು ಬಂದವರನ್ನು ‘ಮಕ್ವೆರೆಕ್ವೆರೆ’ ಅಂತಾರೆ, ಅವರ ಮಾತು ಕಿವಿಗೆ ಹಾಗೆ ಬೀಳುತ್ತದಂತೆ. 2008ರ ಮೇ ತಿಂಗಳಲ್ಲಿ ಜೊಹಾನ್ಸ್‌ಬರ್ಗಿನ ಅಲೆಕ್ಸಾಂಡ್ರಾದಲ್ಲಿ ಹೊತ್ತಿದ ಗಲಭೆ ಊರೂರಿಗೆ ಹಬ್ಬಿ 62 ಜನ ಸತ್ತರು. ಅವರಲ್ಲಿ 21 ಮಂದಿ ಅದೇ ದೇಶದವರು.

ನಾನೇನೂ ಸಾಚಾ ಅಲ್ಲ. ನನ್ನ ಮೊದಲ ಸಂಕಲನದಲ್ಲಿ ನೇಪಾಳದ ಗೂರ್ಖ ಒಬ್ಬನಿದ್ದಾನೆ. ನಮ್ಮ ಬೀದಿಯಲ್ಲಿ ರಾತ್ರಿ ಸೀಟಿ ಊದಿಕೊಂಡು ತಿರುಗುತ್ತಿದ್ದವನು. ಅವನ ಕನ್ನಡವನ್ನು ಅಡ್ಡಾದಿಡ್ಡಿ ಮಾಡಿ ಜನರನ್ನು ನಗಿಸಿದೆ. ವಿಮರ್ಶಕರೊಬ್ಬರು ‘ಜೀವಂತ ಪಾತ್ರ’ ಅಂದರು. ಆ ಹೊಗಳಿಕೆ ನಂಬಿ ಇಪ್ಪತ್ತು ವರ್ಷ ಅದೇ ಚಾಳಿ ನಡೆಸಿದೆ. ಕಥೆಯಲ್ಲಿ ಅವನಿಗೊಂದು ಹೆಸರೂ ಇಲ್ಲ, ನಾನು ಕೇಳಿರಲಿಲ್ಲ.

ನಿನ್ನ ಕಥೆಯ ಓನರಮ್ಮ ಬಾಡಿಗೆಗಿರೋ ಆ ಹುಡುಗನ ನೀರಿನ ಕ್ಯಾನ್ ಎಣಿಸೋದು ಓದಿ ಹೊಟ್ಟೆಕಿಚ್ಚಾಯಿತು, ನಿಜ ಹೇಳ್ತೀನಿ. ಆದರೆ ಮೆಟ್ಟಿಲ ಮೇಲೆ ನಿಂತು ಅವಳು ‘ಏನೋ ಅಂದಳು’ ಅಂತ ಬರೆದು ಜಾರಿಕೊಂಡಿದ್ದೀಯ. ಏನಂದಳು? ನಿನಗೆ ಗೊತ್ತಿದೆ, ಬರೆಯಲು ಮುಜುಗರ. ಅದನ್ನು ಅವಳ ಬಾಯಲ್ಲಿ ಬಂದ ಹಾಗೇ ಬರೆದು ಯುಗಾದಿಯೊಳಗೆ ಕಳಿಸು. ಅಕ್ಷರ ದೊಡ್ಡದಾಗಿರಲಿ, ಕಣ್ಣು ಮೊದಲಿನ ಹಾಗಿಲ್ಲ.